ಹಳೇ ಕಾರಿನ ಕಂಪನಿ ಪೇಂಟ್ ಮೇಲೆ ಬಫಿಂಗ್ ಮಷೀನ್ ಇಡಿಸೋ ಮುಂಚೆ ಇದನ್ನ ಓದಿ

ಅಪ್ಪ 1998ರಲ್ಲಿ ತಗೊಂಡ ಕೆಂಪು ಮಾರುತಿ 800 ಇನ್ನೂ ನಮ್ಮನೇಲಿದೆ, ಆರ್‌ಸಿ ಮೂರು ಸಲ ರಿನ್ಯೂವಲ್ ಆಗಿದೆ, ಆದ್ರೂ ಒಂದು ಡೋರ್ ಕೂಡ ರೀಪೇಂಟ್ ಆಗಿರಲಿಲ್ಲ. ಹೋದ ತಿಂಗಳು ನಾನೇ ದುಡ್ಡು ಕೊಟ್ಟು ಅದರ ಬಾನೆಟ್ ಹಾಳು ಮಾಡಿಸ್ಕೊಂಡು ಬಂದೆ, ಇನ್ನೊಬ್ರಿಗೆ ಹಿಂಗಾಗಬಾರದು ಅಂತ ಬರೀತಿದೀನಿ.

ಬಿಸಿಲಲ್ಲಿ ನಿಂತೂ ನಿಂತೂ ರೂಫು, ಬಾನೆಟ್ಟು ಮಂಕಾಗಿ ಒಂಥರಾ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಕೈಯಾಡಿಸಿದ್ರೆ ಬೆರಳಿಗೆ ಕುಂಕುಮದ ಥರ ಪುಡಿ ಅಂಟ್ತಿತ್ತು. ಮೈಸೂರಲ್ಲೇ ಒಂದು ಕಾರ್ ವಾಶ್ ಅಂಗಡೀಲಿ ಕೇಳಿದ್ರೆ "ರಬ್ಬಿಂಗ್ ಹೊಡೆದು ಟೆಫ್ಲಾನ್ ಮಾಡ್ಕೊಡ್ತೀವಿ ಸರ್, ಎರಡು ಸಾವಿರ ಕೊಡಿ, ಶೋರೂಮಿಂದ ಇಳಿಸಿದಂಗಾಗತ್ತೆ" ಅಂದ್ರು, ಅಂದ್ರೆ ಪೇಂಟನ್ನ ಉಜ್ಜಿ ಮೇಲೆ ಹೊಳಪಿನ ಕೋಟಿಂಗ್ ಹಾಕೋದು. ಒಪ್ಕೊಂಡು ಟೀ ಕುಡಿಯಕ್ಕೆ ಹೋದೆ. ಅಲ್ಲೇ ನಿಂತು ನೋಡಬೇಕಿತ್ತು.

ವಾಪಸ್ ಬಂದಾಗ ಹುಡುಗ ಉಣ್ಣೆ ಪ್ಯಾಡ್ ತಿರುಗಿಸಿ ಪೇಂಟ್ ಉಜ್ಜೋ ಬಫಿಂಗ್ ಮಷೀನನ್ನ ಫುಲ್ ಸ್ಪೀಡಲ್ಲಿ ಬಾನೆಟ್ ಅಂಚಿಗೆ ಒತ್ತಿ ಹಿಡಿದಿದ್ದ, ಸುಟ್ಟ ವಾಸನೆ ಬರ್ತಿತ್ತು. ಅಂಚಲ್ಲಿ ಗೇಣುದ್ದ ಬೂದು ಗೆರೆ. ಉಜ್ಜಕ್ಕೆ ಹಾಕೋ ಪೇಸ್ಟ್ (ಕಾಂಪೌಂಡ್) ಮೆತ್ಕೊಂಡಿರಬೇಕು ಅಂತ ಬಟ್ಟೇಲಿ ಒರೆಸಿದೆ, ಹೋಗಲಿಲ್ಲ, ಉಗುರಲ್ಲಿ ಕೆರೆದೆ, ಆಗಲೂ ಹೋಗಲಿಲ್ಲ. ಪ್ರೈಮರ್ ಅದು, ಅಂದ್ರೆ ಬಣ್ಣದ ಕೆಳಗಿರೋ ಪದರ. 26 ವರ್ಷ ಮಳೆ ಬಿಸಿಲು ತಡ್ಕೊಂಡಿದ್ದ ಬಣ್ಣ ಅರ್ಧ ಗಂಟೇಲಿ ಹೋಯ್ತು. "ಟಚಪ್ ಮಾಡ್ಕೊಡ್ತೀವಿ ಬಿಡಿ" ಅಂತ ಏನೋ ಕೆಂಪು ಸ್ಪ್ರೇ ಹೊಡೆದ್ರು, ಈಗ ಅಷ್ಟು ಜಾಗ ಕಿತ್ತಳೆ ಥರ ಕಾಣತ್ತೆ.

ಆಮೇಲೆ ತಿಳ್ಕೊಂಡಿದ್ದು ಹೇಳ್ತೀನಿ. ಒದ್ದೆ ಬಟ್ಟೇಲಿ ಸ್ವಲ್ಪ ಪಾಲಿಶ್ ಹಾಕಿ ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣ ಹತ್ತಿದ್ರೆ ಮೇಲೆ ಕ್ಲಿಯರ್ ಕೋಟ್ (ಬಣ್ಣ ಕಾಪಾಡೋ ಪಾರದರ್ಶಕ ಪದರ) ಇಲ್ಲ ಅಂತ, ಉಜ್ಜಿದಷ್ಟೂ ಬಣ್ಣಾನೇ ಸವೆಯೋದು. ಮೆಟಾಲಿಕ್ ಗಾಡಿಗಳಿಗೆ ಕ್ಲಿಯರ್ ಕೋಟ್ ಇರತ್ತೆ, ಅದೂ ಸುಮಾರು 40-50 ಮೈಕ್ರಾನ್ ಅಷ್ಟೇ, ನಮ್ಮ ತಲೆಗೂದಲಿಗಿಂತ ತೆಳು, ಅದು ಬಿಳಿ ಬಿಳಿ ಸಿಪ್ಪೆ ಏಳಕ್ಕೆ ಶುರುವಾದ್ಮೇಲೆ ಯಾವ ಪಾಲಿಶಿಂದಲೂ ವಾಪಸ್ ಬರಲ್ಲ, ರೀಪೇಂಟೇ ಗತಿ. ಅಂಚು, ಮಡಿಕೆ ಇರೋ ಕಡೆ ಪೇಂಟ್ ಇನ್ನೂ ತೆಳ್ಳಗಿರತ್ತೆ, ಮಷೀನ್ ಬಿಸಿ ಬೇರೆ, ಅಲ್ಲೇ ಮೊದಲು ಕಿತ್ಕೊಂಡು ಬರೋದು.

ಹಾಗಾಗಿ ದಯವಿಟ್ಟು ಮೊದಲು ಪೇಂಟ್ ದಪ್ಪ ಅಳೆಯೋ ಮೀಟರ್ ಇದ್ಯಾ ಕೇಳಿ, ಇಲ್ಲ ಅಂದ್ರೆ ಗಾಡಿ ತಿರುಗಿಸ್ಕೊಂಡು ಬನ್ನಿ. ಅಂಚಿಗೆಲ್ಲ ಮಾಸ್ಕಿಂಗ್ ಟೇಪ್ ಹಾಕ್ಸಿ, ಡಿಕ್ಕಿ ಮೂಲೇಲಿ ಒಂದಡಿ ಜಾಗದಲ್ಲಿ ಕೈಯಲ್ಲೇ, ಎಲ್ಲಕ್ಕಿಂತ ನಯವಾದ ಪಾಲಿಶ್ ಹಾಕ್ಸಿ ನೋಡಿ. ಮುಗಿದ್ಮೇಲೆ ಬರೋ ಹೊಳಪನ್ನ ತಕ್ಷಣ ನಂಬಬೇಡಿ, ಎಷ್ಟೋ ಸಲ ಎಣ್ಣೆ ಥರದ್ದು ಸವರಿರ್ತಾರೆ, ನನ್ನ ಡೋರ್ ಮೇಲೆ ಎರಡನೇ ಸಲ ಶಾಂಪೂ ಹಾಕಿ ತೊಳೆದ ತಕ್ಷಣ ಮಷೀನ್ ಉಜ್ಜಿದ ಸುತ್ತು ಸುತ್ತು ಗೆರೆ ಎದ್ದು ಕಾಣ್ತು.

ಬಾನೆಟ್ ಪೂರ್ತಿ ಹೊಡಿಸಿದ್ರೆ ಪಕ್ಕದ ಫೆಂಡರ್‌ಗೆ (ಮುಂದಿನ ಚಕ್ರದ ಮೇಲಿನ ಭಾಗ) ಬಣ್ಣ ಮ್ಯಾಚ್ ಆಗಲ್ಲ ಅಂತ ಪೇಂಟರ್ ನೇರವಾಗೇ ಹೇಳಿದ್ರು, ಅದಕ್ಕೆ ಸದ್ಯಕ್ಕೆ ಹಂಗೇ ವ್ಯಾಕ್ಸ್ ಹಚ್ಚಿ ಕವರ್ ಹಾಕಿ ನಿಲ್ಲಿಸಿದೀನಿ. ರೂಫಿಗೆ ಮಷೀನ್ ಇಡೋಷ್ಟರಲ್ಲಿ ನಿಲ್ಲಿಸಿದ್ದೆ, ಅದೊಂದು ಉಳ್ಕೊಂಡಿದೆ. ಮೈಸೂರು ಕಡೆ ಹಳೇ ಪೇಂಟನ್ನ ಕೈಯಲ್ಲೇ ನಿಧಾನಕ್ಕೆ ಪಾಲಿಶ್ ಮಾಡೋರು ಯಾರಾದ್ರೂ ಗೊತ್ತಿದ್ರೆ ತಿಳಿಸಿ.