ಸೋಶಿಯಲ್ ಸೈಕಾಲಜಿ: ಕ್ಲಾಸಾ, ಕೋರ್ಸೆರಾನಾ, ಉಚಿತ ಪುಸ್ತಕನಾ?

ಅಕ್ಕನ ಮಗಳು ಈ ವರ್ಷ ಬಿ.ಎ. ಸೇರಿದ್ದಾಳೆ, ಸೈಕಾಲಜಿ ತೆಗೆದುಕೊಂಡಿದ್ದಾಳೆ. ಮೊನ್ನೆ ಫೋನ್ ಮಾಡಿ, "ಚಿಕ್ಕಮ್ಮ, ಸೋಶಿಯಲ್ ಸೈಕಾಲಜಿ ಪೇಪರಿಗೆ ಕ್ಲಾಸ್ ಒಂದೇ ಸಾಕಾ, ಆನ್‌ಲೈನ್ ಕೋರ್ಸೂ ಮಾಡ್ಲಾ?" ಅಂದಳು.

ಸುತ್ತಲಿನ ಜನ, ಸಂದರ್ಭ ನಮ್ಮ ಯೋಚನೆಯನ್ನೂ ನಡತೆಯನ್ನೂ ಹೇಗೆ ಬದಲಿಸುತ್ತವೆ ಅಂತ ನೋಡುವ ಈ ವಿಷಯವನ್ನು ನಾನು ಮೂರು ದಾರಿಯಲ್ಲಿ ಓದಿದ್ದೇನೆ. ಮೊದಲು ಮೈಸೂರಿನ ಒಂದು ಕಾಲೇಜಿನಲ್ಲಿ, ಪದವಿಗೆ. ಕೆಲಸಕ್ಕೆ ಸೇರಿದ ಮೇಲೆ ಕೋರ್ಸೆರಾ ಎಂಬ ಆನ್ಲೈನ್ ಕೋರ್ಸುಗಳ ತಾಣದಲ್ಲಿ, ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ಸ್ಕಾಟ್ ಪ್ಲೌಸ್ ಅವರ ಕೋರ್ಸ್. ಹೋದ ಬೇಸಿಗೆಯಲ್ಲಿ ಓಪನ್‌ಸ್ಟ್ಯಾಕ್ಸ್‌ನ ಉಚಿತ ಪಠ್ಯಪುಸ್ತಕ.

ಕಾಲೇಜಿನ ಕ್ಲಾಸ್ ಅಂದರೆ ಜಾಸ್ತಿ ನೋಟ್ಸೇ. ಧೋರಣೆ, ಪೂರ್ವಗ್ರಹ, ನಾಯಕತ್ವ ಅಂತ ಹೇಳಿಸಿ ಬರೆಸುತ್ತಿದ್ದರು. ಐದು ಮಾರ್ಕಿಗೆ ಇಷ್ಟು, ಹತ್ತು ಮಾರ್ಕಿಗೆ ಇಷ್ಟು. ಆದರೆ ಒಂದು ದಿನ ನಮ್ಮ ಮೇಡಂ ನೋಟ್ಸ್ ಮುಚ್ಚಿಟ್ಟರು. ಬೋರ್ಡಿನ ಎಡಗಡೆ ಒಂದು ಗೆರೆ ಎಳೆದರು. ಬಲಗಡೆ ಬೇರೆ ಬೇರೆ ಉದ್ದದ ಮೂರು ಗೆರೆ. ಎಡಗಡೆಯದಕ್ಕೆ ಸಮನಾದದ್ದು ಯಾವುದು ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಮೂರನೆಯದು ಅಂತ ಕಣ್ಣಿಗೆ ಕಾಣುತ್ತಿತ್ತು. ನನಗಿಂತ ಮುಂಚಿನ ಆರು ಜನರೂ "ಎರಡನೇದು" ಅಂದರು. ನನ್ನ ಸರದಿ ಬಂದಾಗ ಕಿವಿ ಬಿಸಿಯಾಯಿತು. ನಾನೂ "ಎರಡನೇದು" ಅಂದೆ.

ಆ ಆರು ಜನಕ್ಕೂ ಮೇಡಂ ಮೊದಲೇ ಹೇಳಿಕೊಟ್ಟಿದ್ದರು. ಸಾಲೊಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗ ಇದು ಅಂತ ಆಮೇಲೆ ವಿವರಿಸಿದರು. ಆಶ್ ಅವರ ಪ್ರಯೋಗಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಜನ ಒಂದು ಸಲವಾದರೂ ಗುಂಪಿನ ತಪ್ಪು ಉತ್ತರವನ್ನೇ ಹೇಳಿದ್ದರಂತೆ. ಆ ಅಂಕಿ ಮರೆತುಹೋದರೂ ಕಿವಿ ಬಿಸಿಯಾದದ್ದು ಮಾತ್ರ ಈವತ್ತಿಗೂ ಮರೆತಿಲ್ಲ. ಅದನ್ನು ಯಾವ ಪುಸ್ತಕವೂ ಕೊಡಲಾರದು.

ಅದೇ ಕಾಲೇಜಿನ ನೋಟ್ಸಿನಲ್ಲಿ ನನಗೆ ಈಗಲೂ ಬೇಸರ ತರಿಸುವ ಒಂದು ಪುಟ ಇದೆ. 1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೊವೀಸ್ ಎಂಬ ಹೆಣ್ಣುಮಗಳ ಕೊಲೆಯಾದಾಗ 38 ಜನ ಕಿಟಕಿಯಿಂದ ನೋಡುತ್ತಾ ನಿಂತಿದ್ದರು, ಒಬ್ಬರೂ ನೆರವಿಗೆ ಬರಲಿಲ್ಲ ಅಂತ ಬರೆಸಿದ್ದರು. ನಾನು ಅದನ್ನೇ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡೆ. ಆ 38ರ ಲೆಕ್ಕಕ್ಕೆ ಸರಿಯಾದ ಆಧಾರವಿಲ್ಲ ಅಂತ 2007ರಲ್ಲೇ ಸಂಶೋಧಕರು ತೋರಿಸಿದ್ದರು. ಸುದ್ದಿ ಬರೆದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ 2016ರಲ್ಲಿ ಆ ವರದಿ ದೋಷದ್ದು ಅಂತ ಒಪ್ಪಿಕೊಂಡಿತು. ಹಾಗಂತ ಅದರಿಂದ ಹುಟ್ಟಿದ ಪ್ರಯೋಗ ಸುಳ್ಳಲ್ಲ. ಡಾರ್ಲಿ ಮತ್ತು ಲಾತಾನೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1968ರಲ್ಲಿ ಒಂದು ಪರೀಕ್ಷೆ ಮಾಡಿದರು. ಪಕ್ಕದ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದ ಹಾಗೆ ದನಿ ಕೇಳಿಸಿದರು. ತಾವೊಬ್ಬರೇ ಕೇಳುತ್ತಿದ್ದೇವೆ ಅಂದುಕೊಂಡವರಲ್ಲಿ 85% ಜನ ಆ ದನಿ ನಿಲ್ಲುವ ಮುಂಚೆಯೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ 31% ಮಾತ್ರ. ಇಷ್ಟು ಗಟ್ಟಿ ಪ್ರಯೋಗ ಇರುವಾಗ ಆ ಕಥೆ ಯಾಕೆ ಬೇಕು?

ಇನ್ನು ಪ್ಲೌಸ್ ಅವರ ಕೋರ್ಸ್. 2013ರಲ್ಲಿ ಮೊದಲ ಸಲ ನಡೆದಾಗ 2 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಪಾಠ ಶುರುವಾಗುವ ಮೊದಲೇ ಒಂದು ಕ್ವಿಜ್ ಇರುತ್ತದೆ. ನಿಮ್ಮ ಬಗ್ಗೆ, ನಿಮ್ಮ ಅಂದಾಜಿನ ಬಗ್ಗೆ ಪ್ರಶ್ನೆಗಳು. ಸುಮ್ನೆ ಉತ್ತರ ಕೊಟ್ಟು ಮುಂದೆ ಹೋಗುತ್ತೀರಿ. ಆಮೇಲೆ ಪಾಠದ ನಡುವೆ ನಿಮ್ಮದೇ ಉತ್ತರ ನಿಮ್ಮ ಮುಂದೆ ಬಂದು ನಿಲ್ಲುತ್ತದೆ. ನಮ್ಮ ಮೇಡಂ ಎಳೆದ ಗೆರೆಯ ಹಾಗೇ ಇದೂ ಮೊದಲು ನಮ್ಮನ್ನು ಹಿಡಿದು, ಆಮೇಲೆ ಪಾಠ ಹೇಳುತ್ತದೆ.

ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಅಸೈನ್‌ಮೆಂಟ್. 24 ಗಂಟೆ ಆದಷ್ಟೂ ಕರುಣೆಯಿಂದ ಬದುಕಬೇಕು, ಆಮೇಲೆ ಅದರ ಬಗ್ಗೆ ಬರೆಯಬೇಕು. ಆ ದಿನ ದೇವರಾಜ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಅಮ್ಮ ನನ್ನ ಮೇಲೆ ರೇಗಿದರು. ಬೇರೆ ದಿನವಾಗಿದ್ದರೆ "ಇವರ ಸ್ವಭಾವವೇ ಇಷ್ಟು" ಅಂದುಕೊಂಡು ಮುಂದಿನ ಅಂಗಡಿಗೆ ಹೋಗುತ್ತಿದ್ದೆ. ಅವತ್ತು "ಏನಮ್ಮಾ, ಹುಷಾರಿಲ್ವಾ?" ಅಂತ ಕೇಳಿದೆ. ಮೊಮ್ಮಗನಿಗೆ ಜ್ವರ, ರಾತ್ರಿಯಿಡೀ ನಿದ್ದೆ ಇಲ್ಲ ಅಂದರು. ಪರಿಸ್ಥಿತಿ ನೋಡದೆ ಎಲ್ಲವನ್ನೂ ಮನುಷ್ಯನ ಗುಣದ ಮೇಲೆ ಹಾಕುವುದನ್ನು ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್ ಅನ್ನುತ್ತಾರೆ. ಈ ಹೆಸರನ್ನು ಕಾಲೇಜಿನಲ್ಲಿ ಹತ್ತು ಸಲ ಬರೆದಿದ್ದೆ. ಅರ್ಥವಾದದ್ದು ಆ ಸೊಪ್ಪಿನ ಅಂಗಡಿ ಮುಂದೆ.

ಆ ಬರಹಕ್ಕೆಂದು ಹುಡುಕುವಾಗ ಜೋನ್ ಮಿಲ್ಲರ್ ಅವರ 1984ರ ಅಧ್ಯಯನ ಸಿಕ್ಕಿತು. ಆಕೆ ಶಿಕಾಗೋದ ಜನರನ್ನೂ ನಮ್ಮ ಮೈಸೂರಿನ ಜನರನ್ನೂ ಹೋಲಿಸಿದ್ದರು! ವಯಸ್ಸಾದ ಹಾಗೆ ಅಲ್ಲಿನವರು ಬೇರೆಯವರ ನಡತೆಗೆ ಗುಣವನ್ನೇ ಕಾರಣ ಕೊಡುವುದು ಹೆಚ್ಚಾಗುತ್ತದೆ. ಇಲ್ಲಿನವರು ಸಂದರ್ಭವನ್ನು ನೋಡುವುದು ಹೆಚ್ಚಾಗುತ್ತದೆ. ಇದೇ ಊರಿನಲ್ಲಿ ಕೂತು ಮೂರು ವರ್ಷ ಸೈಕಾಲಜಿ ಓದಿದ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಿತ್ತು ಅಲ್ವಾ?

ಓಪನ್‌ಸ್ಟ್ಯಾಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಇಡೀ ಸೈಕಾಲಜಿಯ ಪುಸ್ತಕ, 12ನೇ ಅಧ್ಯಾಯ ಸೋಶಿಯಲ್ ಸೈಕಾಲಜಿ. ಮೊಬೈಲಿನಲ್ಲೇ ಓದಬಹುದು, ದುಡ್ಡು ಕೊಡಬೇಕಾಗಿಲ್ಲ. ಆಶ್, ಮಿಲ್‌ಗ್ರಾಂ, ಜಿಂಬಾರ್ಡೊ, ಹೀಗೆ ಹೆಸರಾದ ಪ್ರಯೋಗ ಮಾಡಿದವರೆಲ್ಲರೂ ಇದ್ದಾರೆ. ಇಂಗ್ಲಿಷ್ ಸುಲಭವಾಗಿದೆ. ಪರೀಕ್ಷೆ ಹತ್ತಿರ ಬಂದಾಗ ತುಂಬಾ ಒಳ್ಳೆಯದು, ಆದರೆ ಒಂದು ಸೆಮಿಸ್ಟರಿನ ಪೇಪರಿಗೆ ಒಂದೇ ಅಧ್ಯಾಯ ಸಾಲದು. ಪಾಲ್ ಬ್ಲೂಮ್ ಅವರು 2007ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ 20 ಉಪನ್ಯಾಸಗಳೂ ಉಚಿತವಾಗಿವೆ. ಅಡುಗೆ ಮಾಡುತ್ತಾ ಕೇಳಿದ್ದೇನೆ, ಸೊಗಸಾಗಿವೆ. ಅವೂ ಇಡೀ ಸೈಕಾಲಜಿಗೆ ಸೇರಿದ್ದು.

ಯಾವ ದಾರಿ ಹಿಡಿದರೂ ಒಂದು ಕೆಲಸ ನೀವೇ ಮಾಡಬೇಕು. ಪ್ರತಿ ಪ್ರಯೋಗಕ್ಕೂ ಆಮೇಲೆ ಏನಾಯಿತು ಅಂತ ಹುಡುಕಬೇಕು. ಸೈಕಾಲಜಿಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ಫಲಿತಾಂಶ 2015ರಲ್ಲಿ ಬಂತು. ಮೊದಲಿನ ಹಾಗೇ ನಿಂತದ್ದು ಮೂರನೇ ಒಂದು ಭಾಗದಷ್ಟು. ಸೋಶಿಯಲ್ ಸೈಕಾಲಜಿಯಲ್ಲಿ ಇನ್ನೂ ಕಡಿಮೆ.

ಅಕ್ಕನ ಮಗಳಿಗೆ ಹೇಳಿದ್ದು ಇಷ್ಟು. ಮೊದಲು ಕ್ಲಾಸಿಗೆ ಹೋಗು. ರಜೆಯಲ್ಲಿ ಪ್ಲೌಸ್ ಕೋರ್ಸ್ ಮಾಡು, ಸರ್ಟಿಫಿಕೇಟಿಗೆ ದುಡ್ಡು ಕಟ್ಟುವ ಯೋಚನೆ ಆಮೇಲೆ. ಪುಸ್ತಕ ಕೊನೆಗೆ. ಬೇರೆ ಎಲ್ಲ ಪೇಪರಿಗೂ ಮುಂಚೆ ಓದಿಕೊಂಡು ಹೋಗು, ಇದೊಂದಕ್ಕೆ ಬೇಡ. ಪ್ರಯೋಗ ಮೊದಲೇ ಗೊತ್ತಿದ್ದವರ ಕಿವಿ ಬಿಸಿಯಾಗುವುದಿಲ್ಲ.

ಗೆರೆಗಳ ವಿಷಯ ಅವಳಿಗೆ ಇನ್ನೂ ಹೇಳಿಲ್ಲ. ಅವಳ ಕ್ಲಾಸಿನಲ್ಲಿ ಯಾರೂ ಎಳೆಯದಿದ್ದರೆ ನಾನೇ ಎಳೆಯುತ್ತೇನೆ. ದೀಪಾವಳಿಗೆ ಮನೆ ತುಂಬಾ ಜನ ಇರುತ್ತಾರೆ. ಆರು ಮಂದಿಗೆ ಮೊದಲೇ ಹೇಳಿಕೊಟ್ಟರೆ ಸಾಕು.