ಒಂದೇ ಗುಂಡಿಗೆ ಕಂಪ್ಯೂಟರ್, ಡ್ಯಾಕ್, ಆಂಪ್ಲಿಫೈಯರ್: ಹಾಸನದಲ್ಲಿ ಮಾಡಿಸಿದ ರಿಲೇ ಪೆಟ್ಟಿಗೆ

ಟಿವಿ ಕೆಳಗೆ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡು ಅದರಿಂದಲೇ ಹಾಡು, ಸಿನಿಮಾ ಎಲ್ಲ ನಡೆಸುವವರಿಗೆ ಈ ತಾಪತ್ರಯ ಗೊತ್ತಿರುತ್ತದೆ. ಕಂಪ್ಯೂಟರ್‌ಗೆ ಒಂದು ಸ್ವಿಚ್ಚು, ಡ್ಯಾಕ್‌ಗೆ (ಕಂಪ್ಯೂಟರಿನ ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡಿಕೊಡುವ ಸಾಧನ) ಒಂದು, ಆಂಪ್ಲಿಫೈಯರ್‌ಗೆ ಒಂದು, ಸಬ್‌ವೂಫರ್‌ಗೆ ಇನ್ನೊಂದು. ಎಲ್ಲವನ್ನೂ ಒಂದು ಕ್ರಮದಲ್ಲೇ ಹಾಕಬೇಕು, ತೆಗೆಯುವಾಗ ಆ ಕ್ರಮ ತಿರುಗಾಮುರುಗಾ ಆಗಬೇಕು. ಆಂಪ್ಲಿಫೈಯರ್ ಕೊನೆಗೆ ಆನ್ ಆಗಬೇಕು, ಮೊದಲು ಆಫ್ ಆಗಬೇಕು. ತಪ್ಪಿದರೆ ಸ್ಪೀಕರ್‌ನಲ್ಲಿ ಧಡ್ ಅಂತ ಸದ್ದು. ಡ್ಯಾಕ್ ಆನ್ ಅಥವಾ ಆಫ್ ಆಗುವ ಕ್ಷಣದಲ್ಲಿ ಅದರ ಔಟ್‌ಪುಟ್‌ನಲ್ಲಿ ವೋಲ್ಟೇಜು ಒಮ್ಮೆ ಜಿಗಿಯುತ್ತದೆ. ಆಗ ಆಂಪ್ಲಿಫೈಯರ್ ಎಚ್ಚರವಾಗಿದ್ದರೆ ಆ ಜಿಗಿತವನ್ನೇ ದೊಡ್ಡದು ಮಾಡಿ ಸ್ಪೀಕರ್‌ಗೆ ಕಳಿಸುತ್ತದೆ. ಬಾಸ್ ಸ್ಪೀಕರ್‌ನ ಕೋನು ಮುಂದಕ್ಕೆ ಹಾರಿ ಬೀಳುವುದು ಬರಿಗಣ್ಣಿಗೇ ಕಾಣುತ್ತದೆ. ಅದನ್ನು ನೋಡಿದವರಿಗೆ ಹೊಟ್ಟೆಯಲ್ಲಿ ಸಂಕಟ ಆಗದೆ ಇರದು.

ನಮ್ಮ ಮನೆಯಲ್ಲಿ ಈ ಸೆಟ್ಟನ್ನು ಹೆಚ್ಚು ಬಳಸುವವರು ಅತ್ತೆ. ಅವರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದವರು. ಸಂಗೀತಗಾರರ ಊರು ಅಂತಲೇ ಹೆಸರಾದ ಊರು ಅದು. ಬೆಳಗ್ಗೆ ಕಾಫಿ ಲೋಟ ಹಿಡಿದು ಕೂತರೆ ಕಚೇರಿ ಶುರುವಾಗಲೇಬೇಕು. ನಾನು ಕಾಲೇಜಿಗೆ ಹೊರಟ ಮೇಲೆ ನಾಲ್ಕು ಸ್ವಿಚ್ಚಿನ ಲೆಕ್ಕ ಇಡುವುದು ಅವರಿಗೆ ಬೇಕಿರಲಿಲ್ಲ. "ಇಷ್ಟೊಂದು ಗುಂಡಿ ನಂಗ್ಯಾಕಮ್ಮ? ಒಂದು ಒತ್ತಿದ್ರೆ ಹಾಡು ಬರ್ಬೇಕು, ಇನ್ನೊಂದ್ಸಲ ಒತ್ತಿದ್ರೆ ನಿಲ್ಬೇಕು" ಅಂದರು. ಎಂಜಿನಿಯರುಗಳಿಗೆ ಕೊಡಬೇಕಾದ ಷರತ್ತು ಅಂದರೆ ಇಷ್ಟೇ. ಇದನ್ನು ಅಷ್ಟು ಚೆನ್ನಾಗಿ ನಡೆಸಿಕೊಡುವ ಸಿದ್ಧ ವಸ್ತು ನನಗೆ ಅಂಗಡಿಯಲ್ಲಿ ಸಿಗಲಿಲ್ಲ. ಕೊನೆಗೆ ನಮ್ಮೂರಿನ ರಿಪೇರಿಯವರೊಬ್ಬರ ಹತ್ತಿರ ಮಾಡಿಸಿದೆ. ಆ ಪೆಟ್ಟಿಗೆಯ ವಿಮರ್ಶೆ ಇದು.

ಮಾಡಿಸುವ ಮೊದಲು ಏನೇನು ನೋಡಿದೆ ಅಂತ ಚುಟುಕಾಗಿ ಹೇಳುತ್ತೇನೆ, ನಿಮಗೆ ಇವುಗಳಲ್ಲೇ ಒಂದು ಸಾಕಾಗಬಹುದು. ನಿಮ್ಮ ಆಂಪ್ಲಿಫೈಯರ್ ಹಿಂದೆ 12 ವೋಲ್ಟ್ ಟ್ರಿಗರ್ ಅಂತ, ಹೊರಗಿನಿಂದ 12 ವೋಲ್ಟ್ ಕೊಟ್ಟರೆ ಅದನ್ನು ಆನ್ ಮಾಡುವ ಸಣ್ಣ ತೂತು ಇದ್ದರೆ ಅದನ್ನೇ ಬಳಸಿ, ಮೇನ್ಸ್ ವೈರಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಎಚ್‌ಡಿಎಂಐ ಇರುವ ರಿಸೀವರ್ ಇದ್ದರೆ ಸಿಇಸಿ ಅನ್ನುವ ವ್ಯವಸ್ಥೆಯಿಂದ ಟಿವಿ ಜೊತೆಗೇ ಅದೂ ಆನ್ ಆಗುತ್ತದೆ. ಆದರೆ ಸಾಮಾನ್ಯ ಪಿಸಿಗಳ ಎಚ್‌ಡಿಎಂಐನಲ್ಲಿ ಸಿಇಸಿ ಇರುವುದು ಅಪರೂಪ, ಅದಕ್ಕೆ ಪಲ್ಸ್-ಏಯ್ಟ್‌ನಂಥ ಕಂಪನಿಯ ಯುಎಸ್‌ಬಿ ಅಡಾಪ್ಟರ್ ಬೇಕು. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಇಟ್ಟುಕೊಂಡವರಿಗೆ ಅದು ಒಳಗೇ ಇರುತ್ತದೆ. ನಮ್ಮದು ಹಳೆ ಸ್ಟೀರಿಯೊ ಆಂಪ್ಲಿಫೈಯರ್, ಎರಡೂ ಇಲ್ಲ.

ಕಂಪ್ಯೂಟರ್ ಆನ್ ಆದರೆ ಉಳಿದ ಪ್ಲಗ್ಗುಗಳಿಗೂ ಕರೆಂಟು ಕೊಡುವ ಮಾಸ್ಟರ್ ಎಕ್ಸ್‌ಟೆನ್ಷನ್ ಬಾಕ್ಸ್‌ಗಳೂ ಇವೆ. ಮಾಸ್ಟರ್ ಪ್ಲಗ್ಗಿನಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಅನ್ನುವುದರ ಮೇಲೆ ಅವು ತೀರ್ಮಾನ ಮಾಡುತ್ತವೆ. ದೊಡ್ಡ ಡೆಸ್ಕ್‌ಟಾಪ್‌ಗೆ ಇದು ಸರಿ. ಹಾಡು ಹಾಡುವಾಗ ಹತ್ತು ವ್ಯಾಟ್ ಸುತ್ತಮುತ್ತ ಮಾತ್ರ ಎಳೆಯುವ ಮಿನಿ ಕಂಪ್ಯೂಟರ್ ಎದ್ದಿದೆಯೋ ಮಲಗಿದೆಯೋ ಅಂತ ಅದಕ್ಕೆ ಗುರುತು ಸಿಗುವುದು ಕಷ್ಟ. ಮೇಲಾಗಿ ಎಲ್ಲವೂ ಒಟ್ಟಿಗೇ ಆನ್, ಒಟ್ಟಿಗೇ ಆಫ್. ನನಗೆ ಬೇಕಾಗಿದ್ದು ಕ್ರಮ, ಅದೇ ಅಲ್ಲಿಲ್ಲ.

ವೈಫೈ ಸ್ಮಾರ್ಟ್ ಪ್ಲಗ್ಗು ಇವೆಲ್ಲಕ್ಕಿಂತ ವಾಸಿ, ಬೆಂಗಳೂರಿನ ಫ್ಲಾಟಿನಲ್ಲಾಗಿದ್ದರೆ ನಾನು ಅದನ್ನೇ ಹಾಕಿಕೊಳ್ಳುತ್ತಿದ್ದೆನೋ ಏನೋ. ಇಲ್ಲಿ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಗಾಳಿ ಬೀಸತೊಡಗಿದರೆ ಕರೆಂಟು ಹೋಗಿ ಬಂದು, ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಪ್ರತಿ ಸಲವೂ ರೂಟರ್ ಎದ್ದು, ನೆಟ್ ಸಿಕ್ಕಿ, ಪ್ಲಗ್ಗು ಅದಕ್ಕೆ ಸೇರಿಕೊಳ್ಳುವ ತನಕ ಹಾಡಿಲ್ಲ. ಅನೇಕ ಪ್ಲಗ್ಗುಗಳು ಕರೆಂಟು ವಾಪಸು ಬಂದಾಗ ಮೊದಲಿನ ಸ್ಥಿತಿಗೇ ಹೋಗುತ್ತವೆ. ಅಂದರೆ ಆನ್ ಇದ್ದದ್ದು ಆ ಕ್ಷಣಕ್ಕೇ ಆನ್. ಕರೆಂಟು ಬರುವಾಗಿನ ಏರಿಳಿತವನ್ನೆಲ್ಲ ಆಂಪ್ಲಿಫೈಯರ್ ಮೈಮೇಲೆ ಹಾಕಿಕೊಳ್ಳಬೇಕು. ಈ ಸೆಟ್ಟಿಂಗನ್ನು ಆ್ಯಪ್‌ನಲ್ಲಿ ಬದಲಾಯಿಸಲು ಬರುತ್ತದೆಯೇ ಅಂತ ಕೊಳ್ಳುವ ಮುಂಚೆಯೇ ಕೇಳಿಕೊಳ್ಳಿ.

ಇನ್ನು ಅಂಗಡಿ ವಿಷಯಕ್ಕೆ ಬರುತ್ತೇನೆ. ಹಾಸನಾಂಬ ಗುಡಿ ಕಡೆಯ ಹಳೇ ಪೇಟೆಯ ಓಣಿಯಲ್ಲಿ, ಸ್ಟೆಬಿಲೈಸರ್, ಮಿಕ್ಸಿ, ದೇವಸ್ಥಾನಗಳ ಮೈಕ್ ಸೆಟ್ಟು ರಿಪೇರಿ ಮಾಡುವ ಒಂದೇ ಬಾಗಿಲಿನ ಅಂಗಡಿ. ಒಬ್ಬರೇ ಕೆಲಸ ಮಾಡುತ್ತಾರೆ. ಹೆಸರು ಹಾಕಬೇಡಿ, ಈಗಿರುವ ಕೆಲಸವೇ ಮುಗಿಸಲು ಆಗುತ್ತಿಲ್ಲ ಅಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು, ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಬಲ್ಲೆ. ಅವರು ಕೈಯಲ್ಲಿಟ್ಟು ತೋರಿಸಿದರು.

ಆನ್‌ಲೈನಿನಲ್ಲಿ ಸಿಗುವ ನೀಲಿ ಬಣ್ಣದ, 10 ಆಂಪಿಯರ್ ಅಂತ ಬರೆದಿರುವ ಸಣ್ಣ ರಿಲೇ ಇದಕ್ಕೆ ಸಾಕಲ್ಲವೇ, ನಮ್ಮ ಆಂಪ್ಲಿಫೈಯರ್ ಎರಡು ಆಂಪಿಯರ್ ಕೂಡ ಎಳೆಯುವುದಿಲ್ಲವಲ್ಲ ಅಂತ ಕೇಳಿದೆ. ಅವರು ಮಾತಾಡದೆ ಮೇಜಿನ ಖಾನೆಯಿಂದ ಅಂಥದ್ದೇ ಒಂದು ಹಳೇ ರಿಲೇ ತೆಗೆದು, ಬ್ಲೇಡಿನಿಂದ ನೀಲಿ ಮುಚ್ಚಳ ಬಿಡಿಸಿ, ಭೂತಗನ್ನಡಿ ಕೊಟ್ಟರು. ಒಳಗೆ ಎರಡು ಬೆಳ್ಳಿ ಬಣ್ಣದ ಚುಕ್ಕೆಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಸುತ್ತ ಮಸಿ. ತಂತಿಗೆ ಐದು ವೋಲ್ಟ್ ಕೊಟ್ಟರೂ, ತೆಗೆದರೂ ಚುಕ್ಕೆಗಳು ಅಲುಗಲಿಲ್ಲ. "ಟೊರಾಯ್ಡ್ ಟ್ರಾನ್ಸ್‌ಫಾರ್ಮರ್ ಮೇಡಂ, ಹಾಕಿದ್ ಕ್ಷಣಕ್ಕೆ ಹತ್ತಾರು ಪಟ್ಟು ಎಳ್ದುಬಿಡುತ್ತೆ. ವೆಲ್ಡ್ ಆಗೋಯ್ತು ನೋಡಿ. ಇದು ಅಂಟ್ಕೊಂಡ್ರೆ ಕಂಪ್ಯೂಟರ್ ಆಫ್ ಅಂತ ತಿಳ್ಕೊಂಡಿರುತ್ತೆ, ಮಷೀನು ಆನೇ ಇರುತ್ತೆ" ಅಂದರು. ಟೊರಾಯ್ಡ್ ಅಂದರೆ ಬಳೆಯಾಕಾರದ್ದು. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್‌ಗೆ ಸಿದ್ಧ ಪ್ಲಗ್ಗು ಕೊಳ್ಳುವವರು ಈ ಒಂದು ಸಂಗತಿಯನ್ನು ನೆನಪಿಡಬೇಕು. ಪೆಟ್ಟಿಗೆಯ ಮೇಲೆ ಬರೆದಿರುವ ಆಂಪಿಯರ್ ಹೀಟರಿನಂಥ ಲೋಡಿಗೆ ಹೇಳಿದ ಲೆಕ್ಕ, ಟ್ರಾನ್ಸ್‌ಫಾರ್ಮರಿಗೆ ಅದು ನಡೆಯುವುದಿಲ್ಲ.

ಅವರು ಮಾಡಿದ್ದು ಎರಡು ಹಂತ. ಕಂಪ್ಯೂಟರಿನ ಮಾತು ಕೇಳುವುದಕ್ಕೆ ಸಣ್ಣ ರಿಲೇ, ಆಂಪ್ಲಿಫೈಯರಿನ ಕರೆಂಟು ಹೊರುವುದಕ್ಕೆ 30 ಆಂಪಿಯರಿನ ದೊಡ್ಡ ರಿಲೇ. ಅದರ ಮುಂದೆ ಮೊದಲ ಎಳೆತವನ್ನು ತಗ್ಗಿಸಲು ಒಂದು ಎನ್‌ಟಿಸಿ ಥರ್ಮಿಸ್ಟರ್, ವೋಲ್ಟೇಜ್ ಜಾಸ್ತಿ ಬಂದರೆ ತಡೆಯಲು ಎಂಒವಿ, ಜೊತೆಗೆ ಫ್ಯೂಸು.

ಅವರು ಮೊದಲು ಕೊಟ್ಟ ಮಾದರಿ ಸರಳವಾಗಿತ್ತು: ಕಂಪ್ಯೂಟರಿನ ಯುಎಸ್‌ಬಿಯಲ್ಲಿ ಐದು ವೋಲ್ಟ್ ಬಂದರೆ ರಿಲೇ ಆನ್, ಹೋದರೆ ಆಫ್. ಕೇಳಲು ಚೆಂದ. ಆದರೆ ಬಹಳಷ್ಟು ಮದರ್‌ಬೋರ್ಡ್‌ಗಳು ಶಟ್‌ಡೌನ್ ಆದ ಮೇಲೂ ಯುಎಸ್‌ಬಿಗೆ ಐದು ವೋಲ್ಟ್ ಕೊಡುತ್ತಲೇ ಇರುತ್ತವೆ. ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ, ಇಆರ್‌ಪಿ ಅನ್ನುವ ಕರೆಂಟು ಉಳಿಸುವ ಆಯ್ಕೆಯನ್ನು ಆನ್ ಮಾಡಿದರೆ ಅದು ನಿಲ್ಲುತ್ತದೆ ನಿಜ, ಜೊತೆಗೆ ರಿಮೋಟಿನ ಯುಎಸ್‌ಬಿ ರಿಸೀವರ್ ಕೂಡ ಸತ್ತು ಕೂರುತ್ತದೆ. ಕಂಪ್ಯೂಟರನ್ನು ಎಬ್ಬಿಸುವುದು ಯಾರು? ಅತ್ತೆಯ ಒಂದು ಗುಂಡಿ ಅಲ್ಲಿಗೆ ಮುಗಿಯಿತು. ಇನ್ನೊಂದು ತೊಂದರೆ ಅಂದರೆ ಐದು ವೋಲ್ಟ್ ಹೋಗುವುದು ಕಂಪ್ಯೂಟರ್ ಪೂರ್ತಿ ಮಲಗಿದ ಮೇಲೆ. ಅಷ್ಟರಲ್ಲಿ ಡ್ಯಾಕ್ ಕೂಡ ಆರಿರುತ್ತದೆ, ಧಡ್ ಸದ್ದು ಬಂದಾಗಿರುತ್ತದೆ.

ಇದನ್ನು ಹೇಳಿದಾಗ ಅವರು ಗೊಣಗಲಿಲ್ಲ, ದುಡ್ಡೂ ಜಾಸ್ತಿ ಕೇಳಲಿಲ್ಲ. ಐದು ವೋಲ್ಟಿನ ವೈರು ಕಿತ್ತು, ಕಂಪ್ಯೂಟರಿನ ಆಜ್ಞೆ ಕೇಳುವ ಯುಎಸ್‌ಬಿ ರಿಲೇ ಬೋರ್ಡು ಕೂರಿಸಿದರು. ಸೀರಿಯಲ್ ಪೋರ್ಟಿನಂತೆ ಕಾಣುವ ಈ ಬೋರ್ಡಿಗೆ ನಾಲ್ಕು ಬೈಟ್ ಕಳಿಸಿದರೆ ಆನ್, ಬೇರೆ ನಾಲ್ಕು ಬೈಟ್ ಕಳಿಸಿದರೆ ಆಫ್. ಉಳಿದದ್ದು ನನ್ನ ಪಾಲಿನ ಕೆಲಸ. ನಮ್ಮ ಕಂಪ್ಯೂಟರಿನಲ್ಲಿರುವುದು ಲಿನಕ್ಸ್, ಅದರ ಮೇಲೆ ಹಾಡು, ಸಿನಿಮಾ ನಡೆಸುವ ಕೋಡಿ ಅನ್ನುವ ತಂತ್ರಾಂಶ. ನಿದ್ದೆಗೆ ಹೋಗುವ ಮುನ್ನ ಮತ್ತು ಎದ್ದ ಮೇಲೆ ತಾನಾಗಿ ನಡೆಯುವ ಸ್ಕ್ರಿಪ್ಟನ್ನು (ಸಣ್ಣ ಪ್ರೋಗ್ರಾಮ್) ಲಿನಕ್ಸಿನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ಫೋಲ್ಡರಿನಲ್ಲಿ ಇಡಲು ಅವಕಾಶವಿದೆ. ಅಲ್ಲೊಂದು ಹತ್ತು ಸಾಲು ಬರೆದೆ. ಪೂರ್ತಿ ಶಟ್‌ಡೌನ್‌ಗೆ ಬೇರೆ ಸರ್ವಿಸ್ ಫೈಲ್ ಬೇಕು, ನಿದ್ದೆಯ ಸ್ಕ್ರಿಪ್ಟು ಆಗ ಓಡುವುದಿಲ್ಲ.

ಈಗ ನಡೆಯುವುದು ಹೀಗೆ. ರಿಮೋಟ್ ಒತ್ತಿದರೆ ಕಂಪ್ಯೂಟರ್ ಏಳುತ್ತದೆ, ಡ್ಯಾಕ್‌ನ ದೀಪ ಹತ್ತುತ್ತದೆ, ಹತ್ತು ಸೆಕೆಂಡ್ ಆದ ಮೇಲೆ ಪೆಟ್ಟಿಗೆಯೊಳಗೆ ಟಕ್ ಅಂತ ಸದ್ದಾಗಿ ಆಂಪ್ಲಿಫೈಯರ್ ಆನ್. ಮತ್ತೆ ಒತ್ತಿದರೆ ಮೊದಲು ಟಕ್. ಮೇನ್ಸ್ ತೆಗೆದರೂ ಆಂಪ್ಲಿಫೈಯರ್ ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜಿನ ಮೇಲೆ ಹಾಡು ಇನ್ನೂ ಕೆಲವು ಸೆಕೆಂಡ್ ಎಳೆಯುತ್ತದೆ, ಆಮೇಲೆ ಕ್ಷೀಣಿಸುತ್ತದೆ. ಅದಕ್ಕೇ ಸ್ಕ್ರಿಪ್ಟು ಎಂಟು ಸೆಕೆಂಡ್ ಕಾಯುತ್ತದೆ, ಆನಂತರವೇ ಕಂಪ್ಯೂಟರ್ ಮಲಗುವುದು. ಧಡ್ ಸದ್ದು ಪೂರ್ತಿ ನಿಂತಿದೆ.

ನನಗೆ ತುಂಬ ಇಷ್ಟವಾದದ್ದು ಇನ್ನೊಂದು, ಅದನ್ನು ನಾನು ಕೇಳಿಯೂ ಇರಲಿಲ್ಲ. ನಮ್ಮ ಕಂಪ್ಯೂಟರ್ ಯುಪಿಎಸ್ ಮೇಲಿದೆ, ಆಂಪ್ಲಿಫೈಯರ್ ನೇರ ಮೇನ್ಸಿನಲ್ಲಿದೆ. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್‌ನದು. ಅದರ ಮೇಲೆ ಹಾಕಿದರೆ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದೆ ಅಂತ ಬೇರೆ ಇಟ್ಟಿದ್ದೇವೆ. ಕರೆಂಟು ಹೋದಾಗ ಕಂಪ್ಯೂಟರ್ ಎದ್ದೇ ಇರುತ್ತದೆ, ಸಣ್ಣ ರಿಲೇಯೂ ಆನ್ ಇರುತ್ತದೆ. ಕರೆಂಟು ಬಂದ ತಕ್ಷಣ ಆಂಪ್ಲಿಫೈಯರ್‌ಗೆ ನೇರ ಏಟು ಬೀಳಬೇಕಿತ್ತು. ಅವರು ಫ್ರಿಜ್ಜಿನ ಸ್ಟೆಬಿಲೈಸರ್‌ಗಳಲ್ಲಿ ಇರುವಂಥ ಟೈಮರ್ ಬೋರ್ಡನ್ನು ದೊಡ್ಡ ರಿಲೇಯ ಹಿಂದೆ ಹಾಕಿದ್ದಾರೆ. ಮೇನ್ಸ್ ಬಂದು ಅರ್ಧ ನಿಮಿಷ ಸ್ಥಿರವಾಗಿ ನಿಂತರೆ ಮಾತ್ರ ದೊಡ್ಡ ರಿಲೇ ಕೂಡುತ್ತದೆ. ನಡುವೆ ಮತ್ತೆ ಹೋದರೆ ಎಣಿಕೆ ಮೊದಲಿಂದ. ಒಂದು ಮಳೆಗಾಲ ಪೂರ್ತಿ ಇದರ ಕೈಯಲ್ಲಿ ಕಳೆಯಿತು, ಫ್ಯೂಸು ಹೋಗಿಲ್ಲ, ಸ್ಪೀಕರ್ ಕಿರುಚಿಲ್ಲ. ಮಲೆನಾಡಿನ ಅಂಚಿನಲ್ಲಿ ಕೂತು ಮೈಕ್ ಸೆಟ್ಟು ರಿಪೇರಿ ಮಾಡುವವರಿಗೆ ಮಾತ್ರ ಹೊಳೆಯುವ ವಿಷಯ ಇದು ಅಂತ ನನ್ನ ಭಾವನೆ.

ಮನೆಗೆ ಬಂದು ಕೂರಿಸುವಾಗ ಅವರು ಮೊದಲು ಮಾಡಿದ ಕೆಲಸ ಟೆಸ್ಟರ್ ಹಿಡಿದು ಪ್ಲಗ್ಗಿನ ಪಾಯಿಂಟು ನೋಡಿದ್ದು. ಎದುರಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥು, ಬಲಗಡೆ ಫೇಸು, ಎಡಗಡೆ ನ್ಯೂಟ್ರಲ್ ಇರಬೇಕು. ನಮ್ಮ ಹಾಲಿನ ಹಳೇ ಬೋರ್ಡಿನಲ್ಲಿ ಎಡಬಲ ಅದಲುಬದಲಾಗಿತ್ತು. ಹಾಗೇ ಬಿಟ್ಟಿದ್ದರೆ ರಿಲೇ ನ್ಯೂಟ್ರಲ್ ಅನ್ನು ಕಡಿದು, ಆಫ್ ಆದ ಆಂಪ್ಲಿಫೈಯರಿನಲ್ಲೂ ಫೇಸು ಉಳಿಯುತ್ತಿತ್ತು. ಅದನ್ನು ಸರಿಮಾಡಿದ ಮೇಲೆಯೇ ಪೆಟ್ಟಿಗೆ ಜೋಡಿಸಿದರು. ಕಂಪ್ಯೂಟರ್, ಡ್ಯಾಕ್, ಆಂಪ್ಲಿಫೈಯರ್ ಎಲ್ಲದರ ಅರ್ಥಿಂಗ್ ಒಂದೇ ಬೋರ್ಡಿನಿಂದ ಬರುವ ಹಾಗೆ ಮಾಡಿದ್ದರಿಂದ ಮೊದಲಿದ್ದ ಸಣ್ಣ ಗುಂಯ್ ಸದ್ದೂ ಇಳಿಯಿತು. ಸಬ್‌ವೂಫರನ್ನು ಇದೇ ಪ್ಲಗ್ಗಿಗೆ ಹಾಕಿ, ಅದರ ಹಿಂದಿನ ಸ್ವಿಚ್ಚನ್ನು ಆಟೋದಿಂದ ಆನ್‌ಗೆ ಬದಲಾಯಿಸಿದ್ದೇವೆ. ಅತ್ತೆ ಸಣ್ಣ ದನಿಯಲ್ಲಿ ಕೇಳುತ್ತಾರೆ, ಅಷ್ಟು ಸಿಗ್ನಲ್ಲಿಗೆ ಆಟೋ ಏಳುತ್ತಲೇ ಇರಲಿಲ್ಲ. ಮೃದಂಗದ ಎಡಗೈ ಈಗ ಸರಿಯಾಗಿ ಕೇಳುತ್ತಿದೆ.

ಕರೆಂಟಿನ ಉಳಿತಾಯವೂ ಸಣ್ಣದಲ್ಲ. ಮೀಟರ್ ಹಾಕಿ ನೋಡಿದರೆ ಹಾಡಿಲ್ಲದೆ ಸುಮ್ಮನೆ ಆನ್ ಇದ್ದ ಆಂಪ್ಲಿಫೈಯರ್ 38 ವ್ಯಾಟ್ ತಿನ್ನುತ್ತಿತ್ತು. ದಿನಕ್ಕೆ 20 ಗಂಟೆ ಹಾಗೇ ಬಿಟ್ಟರೆ ತಿಂಗಳಿಗೆ ಸುಮಾರು 23 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾದ ಮನೆಗೆ ಈ 23 ಲೆಕ್ಕಕ್ಕೆ ಬರುತ್ತದೆ.

ಕೊರತೆಗಳೂ ಇವೆ. ಪೆಟ್ಟಿಗೆ ತಗಡಿನದು, ಬೂದು ಬಣ್ಣ, ಶೋಕೇಸಿನಲ್ಲಿ ಇಡುವ ಹಾಗಿಲ್ಲ. ಮುಂದಿನ ನೀಲಿ ಎಲ್‌ಇಡಿ ರಾತ್ರಿ ಸಿನಿಮಾ ನೋಡುವಾಗ ಕಣ್ಣಿಗೆ ಹೊಡೆಯುತ್ತದೆ, ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿದ್ದೇನೆ. ಐಎಸ್‌ಐ ಗುರುತು ಇಲ್ಲ, ಗ್ಯಾರಂಟಿ ಬಾಯಿ ಮಾತಿನದು. ತಗಡಿಗೆ ಅರ್ಥ್ ಕೊಟ್ಟಿದ್ದಾರೆಯೇ, ಮೇನ್ಸ್ ವೈರು ಒಳಬರುವ ಕಡೆ ರಬ್ಬರ್ ಬುಷ್ ಇದೆಯೇ ಅಂತ ಮುಚ್ಚಳ ತೆಗೆಸಿ ನೋಡಿದ ಮೇಲೆಯೇ ನಾನು ಒಪ್ಪಿದ್ದು. ನೀವೂ ಹಾಗೇ ಮಾಡಿ, ಯಾರ ಹತ್ತಿರ ಮಾಡಿಸಿದರೂ ಸರಿ. ಸ್ಕ್ರಿಪ್ಟು ಬರೆಯುವುದು ಅವರಿಗೆ ಬರುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವರು ಯಾರೂ ಇಲ್ಲದಿದ್ದರೆ ಈ ವ್ಯವಸ್ಥೆ ಅರ್ಧಕ್ಕೇ ನಿಲ್ಲುತ್ತದೆ. ಅಂಥವರು ಟೈಮರ್ ಮತ್ತು ದೊಡ್ಡ ರಿಲೇ ಇರುವ ಪೆಟ್ಟಿಗೆಯನ್ನಷ್ಟೇ ಮಾಡಿಸಿ, ಆನ್ ಆಫ್‌ಗೆ ಒಂದು ಸಾದಾ ಸ್ವಿಚ್ ಇಡಿಸಿಕೊಳ್ಳಬಹುದು. ಕರೆಂಟಿನ ಏರಿಳಿತದಿಂದಾದರೂ ಸೆಟ್ಟು ಉಳಿಯುತ್ತದೆ.

ಸಾಮಾನು ಸೇರಿ 2,600 ರೂಪಾಯಿ ತೆಗೆದುಕೊಂಡರು, ಮನೆಗೆ ಬಂದಿದ್ದಕ್ಕೆ 500. ಈ ಕೆಲಸಕ್ಕೆ ಇದು ಕಡಿಮೆ ಅಂತ ನನಗೆ ಅನಿಸಿತು. ಅವರನ್ನಾಗಲಿ, ನಿಮ್ಮೂರಿನ ಇಂಥವರನ್ನಾಗಲಿ ಹುಡುಕಿಕೊಂಡು ಹೋಗುವಾಗ ಆಂಪ್ಲಿಫೈಯರ್ ಹಿಂದೆ ವ್ಯಾಟ್ ಬರೆದಿರುವ ಪಟ್ಟಿಯ ಫೋಟೊ, ಹಾಲಿನ ಸ್ವಿಚ್‌ಬೋರ್ಡಿನ ಫೋಟೊ ಎರಡನ್ನೂ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ, ಮೊದಲು ಕೇಳುವುದೇ ಅವನ್ನು. ಹಾಸನಾಂಬೆ ಬಾಗಿಲು ತೆರೆದಿರುವ ದೀಪಾವಳಿ ಹೊತ್ತಿನ ದಿನಗಳಲ್ಲಿ ಮಾತ್ರ ಹೋಗಬೇಡಿ. ಆ ಓಣಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅಂಗಡಿಯಲ್ಲೂ ಮೈಕ್ ಸೆಟ್ಟುಗಳ ರಾಶಿಯೇ ಬಿದ್ದಿರುತ್ತದೆ.