ಬೋರ್ ಕೊರೆಸುವ ಮುನ್ನ ಯಾವ ರಿಗ್ ಅಂತ ಕೇಳಿ, ಉತ್ತರ ಸರಿ ಇಲ್ಲದಿದ್ದರೆ ವಾಪಸ್ ಕಳಿಸಿ

ಮನೆಗೆ ಬೋರ್ ಕೊರೆಸಿದೆ. ದುಡ್ಡು ಹೋಯ್ತು, ನೀರಿಲ್ಲ. ಇನ್ನೂ ಹೊಟ್ಟೆ ಉರಿಯುತ್ತಿದೆ.

ನಮ್ಮದು ಸಡಿಲ ಮರಳು ಮಣ್ಣು, ಬಂಡೆ ಇರೋದು ತುಂಬಾ ಕೆಳಗೆ. ಬೋರ್ ಕೊರೆಯೋಕೆ ಬಂದವನು ತಂದದ್ದು ಗಾಳಿ ಒತ್ತಡದ ಹ್ಯಾಮರ್ ರಿಗ್, ಅಂದರೆ ಗಾಳಿಯ ಬಲದಿಂದ ಬಡಿದು ಕೊರೆಯುವ ಮಷಿನ್. ಗಟ್ಟಿ ಬಂಡೆಗೆ ಅದು ಚೆನ್ನಾಗಿಯೇ ಇದೆ, ಇಲ್ಲ ಅನ್ನಲ್ಲ. ಆದರೆ ಸಡಿಲ ಮಣ್ಣಿನಲ್ಲಿ ಗುಂಡಿಯ ಗೋಡೆ ನಿಲ್ಲಬೇಕಲ್ವಾ? ಅದಕ್ಕೆ ಬೇಕಿದ್ದದ್ದು ರೋಟರಿ, ಅಂದರೆ ತಿರುಗಿಸಿ ಕೊರೆಯುವ ರಿಗ್, ಅದರಲ್ಲಿ ಬೆಂಟೊನೈಟ್ ಅನ್ನೋ ಜೇಡಿಮಣ್ಣಿನ ಕೆಸರು ತುಂಬಿಕೊಂಡು ಗೋಡೆಯನ್ನು ಒತ್ತಿ ಹಿಡಿಯುತ್ತದೆ, ಇಲ್ಲಾಂದ್ರೆ ಕೊರೆಯುತ್ತಾ ಜೊತೆಗೇ ಕೇಸಿಂಗ್, ಅಂದರೆ ಗೋಡೆ ಕುಸಿಯದಂತೆ ತಡೆಯುವ ಪೈಪ್, ಇಳಿಸಬೇಕು. ನಾನು ಮೊದಲೇ ಕೇಳಿದ್ದೆ, ಮಣ್ಣು ಸಡಿಲ, ಇದು ಆಗುತ್ತಾ ಅಂತ. "ಎಲ್ಲಾ ನೆಲಕ್ಕೂ ಇದೇ ಸಾರ್, ದಿನಾ ಮಾಡೋ ಕೆಲಸ" ಅಂದ. ನಂಬಿಬಿಟ್ಟೆ.

40 ಅಡಿಗೆ ಕೇಸಿಂಗ್ ನಿಲ್ಲಿಸಿದ. "ಬಂಡೆ ಸಿಕ್ತು ಸಾರ್, ಸಾಕು." ನಾನು ಪಕ್ಕದಲ್ಲೇ ನಿಂತಿದ್ದೆ. ಬಂಡೆ ಸಿಕ್ಕಿದ್ದರೆ ಕಲ್ಲಿನ ಪುಡಿ ಹಾರಬೇಕಿತ್ತು, ನನ್ನ ಕಾಲ ಬಳಿ ಬಿದ್ದದ್ದು ಹಸಿ ಹಳದಿ ಮರಳು. ಕೈಯಲ್ಲಿ ಹಿಡಿದೂ ನೋಡಿದೆ. ಆದರೂ ಬಾಯಿ ಬಿಡಲಿಲ್ಲ, ದಿನಾ ಇದೇ ಕೆಲಸ ಮಾಡೋನಿಗೆ ನಾನೇನು ಹೇಳೋದು ಅಂತ ಸುಮ್ಮನಾದೆ. ಅದೇ ಮರಳು ನೆನಪಾಗಿ ರಾತ್ರಿ ನಿದ್ದೆ ಬರುತ್ತಿಲ್ಲ.

180 ಅಡಿ ಕೊರೆದು ಅಷ್ಟಕ್ಕೂ ದುಡ್ಡು ಎಣಿಸಿಕೊಂಡು ಹೋದ. ಮೂರು ದಿನ ಬಿಟ್ಟು ಮೋಟಾರ್ ಇಳಿಸಿದರೆ 55 ಅಡಿಗೆ ನಿಂತೇ ಹೋಯ್ತು. ಮೇಲೆತ್ತಿದಾಗ ಪಂಪಿನ ಜಾಲರಿ ತುಂಬಾ ಅದೇ ಹಳದಿ ಮರಳು. ಕೇಸಿಂಗ್ ಮುಗಿದ ಕಡೆಯಿಂದ ಕೆಳಗೆ ಎಲ್ಲಾ ಕುಸಿದಿತ್ತು.

ಫೋನ್ ಮಾಡಿದೆ. "ಅದು ನಿಮ್ಮ ನೆಲ ಸಾರ್, ನಮ್ಮ ಮಷಿನ್ ಏನು ಮಾಡುತ್ತೆ?" ಮತ್ತೆ ಮಾಡಿದೆ. "ನೀವೇ ಜಾಸ್ತಿ ಕೇಸಿಂಗ್ ಕೇಳಬೇಕಿತ್ತು." ನಾನು ಕೇಳಬೇಕಿತ್ತಂತೆ! ಸಾಕು ಅಂದವನು ಯಾರು?

ದಯವಿಟ್ಟು ಮಣ್ಣಿಗೆ ತಕ್ಕ ರಿಗ್ ಕರೆಸಿ. ಸಡಿಲ ಮಣ್ಣು ಪೂರ್ತಿ ದಾಟಿ ಬಂಡೆಯೊಳಗೆ ಕೂರುವವರೆಗೆ ಕೇಸಿಂಗ್ ಇಳಿಸುತ್ತೇನೆ ಅಂತ ಬರೆಸಿಕೊಳ್ಳಿ. ಮೇಲೆ ಬರುವ ಮಣ್ಣನ್ನು ಹತ್ತತ್ತು ಅಡಿಗೆ ಬೇರೆ ಬೇರೆ ಗುಡ್ಡೆ ಹಾಕಿಸಿ, ಕಣ್ಣಾರೆ ನೋಡಿ, ಅನುಮಾನ ಬಂದರೆ ಅಲ್ಲೇ ನಿಲ್ಲಿಸಿ. ರೋಟರಿ ಮಾಡಿಸಿದರೆ ಕೊನೆಯಲ್ಲಿ ಆ ಕೆಸರನ್ನು ತಿಳಿನೀರು ಬರುವವರೆಗೆ ತೊಳೆಸಿ, ಇಲ್ಲದಿದ್ದರೆ ನೀರಿನ ಸೆಲೆಯೇ ಮುಚ್ಚಿಹೋಗುತ್ತೆ.

ನಿನ್ನೆ ಅವನೇ ಫೋನ್ ಮಾಡಿದ್ದ, ಕೇಸಿಂಗ್ ಪೈಪಿನ ಬಾಕಿ ಯಾವಾಗ ಕೊಡ್ತೀರಿ ಅಂತ.